ನಮ್ಮ ರೊಟ್ಟಿಯ ಹಿಸಾಬು

ಹೋದ ದೀಪಾವಳಿಗೆ ಹೈದರಾಬಾದಿನಿಂದ ಬಂದ ನಮ್ಮ ತಮ್ಮ ಅವ್ವನ ಕೈಗೆ ಒಂದು ಗಡಿಯಾರ ಕಟ್ಟಿದ. ಅದಕ್ಕೆ ಮುಳ್ಳಿಲ್ಲ, ಕೀಲಿ ಇಲ್ಲ. ಅಡಿಯಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತದೆ. "ಯವ್ವಾ, ನೀ ಎಷ್ಟು ನಡದಿ, ಎಷ್ಟು ಮಕ್ಕೊಂಡಿ, ಎಷ್ಟು ತಿಂದಿ ಎಲ್ಲಾ ಇದ್ರಾಗ ಬರ್ತದ. ತೂಕ ಇಳಸ್ಲಾಕ ಛಲೋ ಅದ" ಅಂದ. ಅವ್ವ ನಕ್ಕಳು. "ತಿಂದದ್ದು ಹೊಟ್ಟಿಗಿ ಗೊತ್ತಾಗ್ತದ ತಮ್ಮಾ, ಕೈಗಿ ಹ್ಯಾಂಗ ಗೊತ್ತಾಗ್ತದ?"

ನಾವು ಸಂತಪುರದ ಕೇರಿಯವರು. ನಮ್ಮಲ್ಲಿ ತೂಕ ಇಳಿಸುವ ಮಾತು ಹುಟ್ಟಿದ್ದೇ ಈಗೀಗ. ನಮ್ಮ ಆಯಿಗೆ ಯಾರಾದರೂ "ಮೈ ತುಂಬಿಕೊಂಡೀದಿ" ಅಂದರೆ ಅದು ಆಶೀರ್ವಾದ. ಆದರೆ ಅವ್ವನಿಗೆ ಸಕ್ಕರೆ ಕಾಯಿಲೆ. ತೂಕ ಇಳಿಸಬೇಕು ಎಂದು ಡಾಕ್ಟರು ಹೇಳಿದ್ದು ಖರೇ. ಅದಕ್ಕೇ ನಾವೂ ಗಡಿಯಾರವನ್ನು ನಂಬಿದೆವು.

ಒಂದು ವಾರ ಕೂತು ನೋಡಿದೆವು. ಬೆಳಿಗ್ಗೆ ಅವ್ವ ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದರೆ ಗಡಿಯಾರ ಅದನ್ನು ನಡಿಗೆ ಅಂದಿತು. ಸಂಜೆ ಒಂದು ಕೈ ಮೇಲೆತ್ತಿ ತಲೆಯ ಮೇಲಿನ ಕಟ್ಟಿಗೆ ಹೊರೆ ಹಿಡಿದು ಹೊಲದಿಂದ ಮನೆತನಕ ನಡೆದು ಬಂದರೆ ಹೆಚ್ಚುಕಡಿಮೆ ಏನೂ ಬರೆದುಕೊಳ್ಳಲಿಲ್ಲ. ಅದು ಎಣಿಸುವುದು ಕೈಯ ಅಲುಗಾಟವನ್ನು. ಕೈ ಬೀಸಿ ಗಾಳಿಗೆ ತಿರುಗಾಡುವವರನ್ನು ನೋಡಿ ಮಾಡಿದ ಯಂತ್ರಕ್ಕೆ ಹೊರೆ ಹೊತ್ತವರ ನಡಿಗೆ ನಡಿಗೆಯೇ ಅಲ್ಲ.

ಇನ್ನು ತಿಂದದ್ದು? ಅದನ್ನು ನಾವೇ ಫೋನಿನಲ್ಲಿ ಒತ್ತಿ ಹೇಳಬೇಕು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಮಣಿಕಟ್ಟು ತಿರುಗುವುದನ್ನು ಹಿಡಿದು ತುತ್ತು ಎಣಿಸುವ ಯಂತ್ರ ಮಾಡಿದ್ದಾರೆ. ಆದರೆ ತುತ್ತಿನಲ್ಲಿ ಏನಿದೆ ಎಂಬುದು ಅದಕ್ಕೂ ತಿಳಿಯದು. ನಮ್ಮ ಫೋನಿನ ಪಟ್ಟಿಯಲ್ಲಿ ಪಿಜ್ಜಾ ಇತ್ತು, ಬರ್ಗರ್ ಇತ್ತು. ಪುಂಡಿಪಲ್ಯ ಸಿಗಲಿಲ್ಲ. ರೊಟ್ಟಿ ಎಂದು ಒತ್ತಿದರೆ ಗೋಧಿಯದು ಬಂತು. ನೂರು ಗ್ರಾಂ ಜೋಳಕ್ಕೆ ಸುಮಾರು 330 ಕ್ಯಾಲರಿ, 10 ಗ್ರಾಂ ಪ್ರೋಟೀನು ಎಂದು ಪುಸ್ತಕ ನೋಡಿ ನಾವೇ ಹಿಸಾಬು ಹಾಕಿದೆವು.

ಗೆಳೆಯರೇ, ಅಳತೆ ನಮಗೆ ಹೊಸದಲ್ಲ. ನಮ್ಮ ಮುತ್ತ್ಯಾ ಸಾವಕಾರರ ಕಣದಲ್ಲಿ ದಿನವಿಡೀ ದುಡಿದು ಸೇರಿನಲ್ಲಿ ಜೋಳ ಅಳೆಸಿಕೊಂಡವನು. ಕೂಲಿ ಕೊಡುವಾಗ ಸೇರಿನ ಬಾಯಿಯನ್ನು ಕೈಯಿಂದ ಸವರುತ್ತಿದ್ದರು. ಸಾಲ ವಸೂಲಿಯಲ್ಲಿ ಅದೇ ಸೇರಿನ ಮೇಲೆ ಶಿಖರ ಏರುತ್ತಿತ್ತು. 1972ರ ಬರದಲ್ಲಿ ಆಯಿ ಕಾಮಗಾರಿಗೆ ಹೋಗಿ ಖಡಿ ಒಡೆದಳು. ಒಡೆದ ಖಡಿಯನ್ನು ಅಳೆದರು, ಒಡೆದವಳ ಹಸಿವನ್ನು ಯಾರೂ ಅಳೆಯಲಿಲ್ಲ. ಆಗ ಅವ್ವ ಆಕೆಯ ಹೊಟ್ಟೆಯಲ್ಲಿದ್ದಳು.

ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕರು ಹಳ್ಳಿಯ ಬಸುರಿಯರನ್ನೂ ಕೂಸುಗಳನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದು ಮಾತು ಹೇಳಿದ್ದಾರೆ. ನಮ್ಮ ಕಡೆಯ ಕೂಸು ತೂಕದಲ್ಲಿ ಸಣ್ಣದು, ಮಾಂಸ ಕಡಿಮೆ, ಆದರೆ ಕೊಬ್ಬನ್ನು ಮಾತ್ರ ಹಿಡಿದಿಟ್ಟುಕೊಂಡೇ ಹುಟ್ಟುತ್ತದೆ. ಅಂಥ ಮೈಗೆ ಮುಂದೆ ಸಕ್ಕರೆ ಕಾಯಿಲೆಯ ಭಯ ಹೆಚ್ಚು. ಅವ್ವ ಬೆಳೆದ ಮೇಲೆ ನಮ್ಮ ಸುತ್ತಿನ ಹೊಲಗಳಲ್ಲಿ ಜೋಳ ಹಿಂದೆ ಸರಿದು ಸೋಯಾಬಿನ್ ಬಂತು, ರೇಷನ್ ಅಂಗಡಿಯಲ್ಲಿ ಅಕ್ಕಿ ಬಂತು. 2013ರ ಅನ್ನಭಾಗ್ಯ ಕೇರಿಯ ಒಲೆ ಆರದಂತೆ ಕಾಯಿತು. ಅದನ್ನು ಹಳಿಯುವ ಬಾಯಿ ನಮ್ಮದಲ್ಲ. ಆದರೆ ಬೇಳೆ, ಹಾಲು, ತತ್ತಿ ಕೊಳ್ಳುವಷ್ಟು ಕೂಲಿ ಎಲ್ಲಿತ್ತು? ಅನ್ನ ಹೊಟ್ಟೆ ತುಂಬಿತು, ಮೈ ಕಟ್ಟಲಿಲ್ಲ. ಉಳ್ಳವರ ಬೊಜ್ಜು ತಿಂದು ಬಂದದ್ದಿರಬಹುದು. ಅವ್ವನ ಬೊಜ್ಜಿನಲ್ಲಿ ಆಯಿಯ ಹಸಿವೂ ಇದೆ.

ಗಡಿಯಾರಕ್ಕೆ ಇದೆಲ್ಲ ಎಲ್ಲಿ ಗೊತ್ತು? ದಿನಾ ಸಂಜೆ ಹೆಚ್ಚು ತಿಂದಿ ಅಂತ ಕೆಂಪು ಗೆರೆ ತೋರಿಸಿತು. ಅವ್ವನಿಗೆ ಓದು ಬರುವುದಿಲ್ಲ, ಆದರೆ ಕೆಂಪು ಅಂದರೆ ತಪ್ಪು ಎಂದು ಗೊತ್ತು. ರಾತ್ರಿ ರೊಟ್ಟಿ ಬಿಟ್ಟಳು. ನಮಗೆ ಹೇಳಲಿಲ್ಲ. ಗುಳಿಗೆ ಮಾತ್ರ ತಪ್ಪದೆ ನುಂಗಿದಳು. ಒಂಬತ್ತನೆಯ ದಿನ ನಸುಕಿನಲ್ಲಿ ಮೈಯೆಲ್ಲ ಬೆವತು, ಕೈ ನಡುಗಿ, ಬಚ್ಚಲ ಹತ್ತಿರ ಕುಸಿದಳು. ಮಾತು ತೊದಲುತ್ತಿತ್ತು, ಎಚ್ಚರ ಇನ್ನೂ ಪೂರಾ ತಪ್ಪಿರಲಿಲ್ಲ. ಕೈಯ ಗಡಿಯಾರದಲ್ಲಿ ಸಕ್ಕರೆಯದೂ ಒಂದು ಅಂಕಿ ಇತ್ತು, ಎಲ್ಲಾ ಬರಾಬರ್ ಅದ ಅನ್ನುವ ಹಸಿರು ಅಂಕಿ. ಪಕ್ಕದ ಮನೆಯ ಕಾಕಿ ಅಂಕಿ ನೋಡಲಿಲ್ಲ, ಅವ್ವನ ಮುಖ ನೋಡಿದಳು. ಬೆಲ್ಲದ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ಬಿಟ್ಟು, "ಇವತ್ತ ನಾ ಏನೂ ಹೆಚ್ಚಿಗಿ ತಿಂದಿಲ್ಲಪಾ" ಅಂದಳು.

ಈ ಮಾತು ನಮ್ಮ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿದೆ. ಹಸಿವು ಕೊಟ್ಟವರಾರೂ ಕ್ಷಮೆ ಕೇಳಿಲ್ಲ. ಉಂಡದ್ದಕ್ಕೆ ಅವ್ವ ಜಬಾಬು ಕೊಡಬೇಕೆ?

ಸಕ್ಕರೆಯ ಕೆಲವು ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಉಳಿದದ್ದನ್ನು ನಾವು ಹುಡುಕಿ ಓದಿದೆವು. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. 2017ರಲ್ಲಿ ಸ್ಟ್ಯಾನ್‌ಫರ್ಡಿನವರು ಏಳು ಯಂತ್ರ ಪರೀಕ್ಷಿಸಿದಾಗ, ಮೈ ಸುಟ್ಟ ಕ್ಯಾಲರಿ ಹೇಳುವುದರಲ್ಲಿ ಎಲ್ಲಕ್ಕಿಂತ ವಾಸಿಯಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. 2016ರಲ್ಲಿ ಹೊರಬಂದ ಪಿಟ್ಸ್‌ಬರ್ಗಿನ ಅಧ್ಯಯನದಲ್ಲಿ 471 ಜನರನ್ನು ಎರಡು ವರ್ಷ ನೋಡಿದರು. ಯಂತ್ರ ಕಟ್ಟಿಕೊಂಡವರು ಸರಾಸರಿ 3.5 ಕಿಲೋ ಇಳಿದರು. ಯಂತ್ರವಿಲ್ಲದೆ ತಾವೇ ಲೆಕ್ಕ ಇಟ್ಟವರು 5.9 ಕಿಲೋ ಇಳಿದರು.

ಅಳತೆಯೇ ಬೇಡ ಎಂದು ನಾವು ಅನ್ನುವುದಿಲ್ಲ. ಕೂಸಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ 11.5 ಸೆಂಟಿಮೀಟರಿಗಿಂತ ಕೆಳಗೆ ಕೆಂಪು ತೋರಿಸುತ್ತದೆ. ಆ ಕೆಂಪು ಹೇಳುವುದು, ಈ ಕೂಸಿಗೆ ಉಣ್ಣಲು ಕೊಡಿರಿ ಎಂದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9 ಮಂದಿ ತೂಕ ಕಡಿಮೆಯವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದೂ ಅಳೆದೇ. ಆದರೆ ಚಂಡೀಗಢದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದರಲ್ಲ, 2020ರಲ್ಲಿ ಅವರು ಬೀದಿಗೆ ಬಂದರಲ್ಲ, ಅದೂ ಅಳತೆಯೇ. ಒಂದು ಅಳತೆ ಕೊಡುವುದಕ್ಕೆ, ಇನ್ನೊಂದು ಹಿಡಿಯುವುದಕ್ಕೆ. ಯಾರ ಕೈಯಲ್ಲಿ ಸೇರಿದೆ ಎಂದು ನಾವು ಕೇಳಲೇಬೇಕು.

ಈಗ ಅವ್ವ ಬೆರಳು ಚುಚ್ಚಿ ರಕ್ತ ನೋಡಿಸಿಕೊಳ್ಳುತ್ತಾಳೆ. ಹೊತ್ತಿಗೆ ಸರಿಯಾಗಿ ಒಂದೂವರೆ ರೊಟ್ಟಿ, ಪುಂಡಿಪಲ್ಯ, ಇದ್ದ ದಿನ ಬೇಳೆ. ಗಡಿಯಾರ ಗೂಟಕ್ಕೆ ತೂಗುತ್ತಿದೆ. ಮೊನ್ನೆ ತಮ್ಮ ಫೋನ್ ಮಾಡಿ, "ಯವ್ವಾ, ಅದು ಕಟ್ಕೊಂಡೀದಿಲ್ಲ?" ಅಂದ.

"ಅದು ಇರ್ಲಿ. ನೀ ಉಂಡಿದಿ?" ಅಂದಳು ಅವ್ವ.

ಹನ್ನೆರಡು ತಾಸಿನ ಕಾವಲು ಕೆಲಸ ಅವನದು. ಸುಮ್ಮನಾದ.