ಗೋಡೆಯ ಬಣ್ಣ ಯಾರದ್ದು?

ಮೈಸೂರಿನಲ್ಲಿ ನಾನು ನೋಡಿದ ಹಳೆಯ ಗರಡಿಮನೆಗಳಿಗೆಲ್ಲ ಒಂದೇ ಚಹರೆ. ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಕೆಂಪು ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಹನುಮಂತ, ಮೂಲೆಯಲ್ಲಿ ಗದೆ. ನಮ್ಮ ಗರಡಿಯ ಹಾಗೆಯೇ ಕಟ್ಟಿದ್ದಾರೆಂದು ಯಾವ ಉಸ್ತಾದರೂ ಇನ್ನೊಬ್ಬರ ಮೇಲೆ ದೂರಿದ್ದನ್ನು ನಾನು ಕೇಳಿಲ್ಲ. ಆ ಚಹರೆ ಎಲ್ಲರದೂ ಆಗಿತ್ತು.

ಇಂದಿನ ಜಿಮ್ಮಿನ ಲೋಕದಲ್ಲಿ ಚಹರೆಯೂ ಆಸ್ತಿ. ಹೆಸರು ಓದುವ ಮೊದಲೇ ಅಂಗಡಿಯ ಗುರುತು ಹಿಡಿಸುವ ಬಣ್ಣ, ಬೆಳಕು, ಜೋಡಣೆಗಳ ಒಟ್ಟು ವೇಷವನ್ನು ವಕೀಲರು ‘ಟ್ರೇಡ್ ಡ್ರೆಸ್’ ಎನ್ನುತ್ತಾರೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಈ ಪದ ಇಲ್ಲ. ಆದರೆ ವಸ್ತುವಿನ ಆಕಾರ, ಪೊಟ್ಟಣ, ಬಣ್ಣಗಳ ಸಂಯೋಜನೆ ಕೂಡ ಟ್ರೇಡ್ ಮಾರ್ಕ್ ಆಗಬಹುದೆಂದು ಅದು ಹೇಳುತ್ತದೆ. ಉದ್ದೇಶ ಸರಳ: ಒಬ್ಬರ ವೇಷ ತೊಟ್ಟು ಇನ್ನೊಬ್ಬರು ಗಿರಾಕಿಗೆ ಮೋಸ ಮಾಡಬಾರದು.

ಚಿಕ್ಕಪ್ಪನ ಮಗ ಕುವೆಂಪುನಗರದಲ್ಲಿ ಒಂದು ಬ್ರ್ಯಾಂಡಿನ ಫ್ರಾಂಚೈಸಿ ತೆಗೆದುಕೊಂಡಾಗ ಕರಾರು ಓದಿ ಹೇಳುವ ಕೆಲಸ ನನಗೆ ಬಿತ್ತು. ಸಾಲ ಇವನದು, ಬಾಡಿಗೆ ಇವನದು, ಹೆಸರು ಅವರದು. ಗೋಡೆಗೆ ಯಾವ ಕಿತ್ತಳೆ, ದೀಪ ಎಷ್ಟು ಮಂದ, ಟ್ರೇನರ್ ಟೀ ಶರ್ಟಿನ ಮೇಲೆ ಲೋಗೊ ಎಷ್ಟು ಇಂಚು, ಎಲ್ಲವೂ ಕೈಪಿಡಿಯಲ್ಲಿತ್ತು. “ಅಣ್ಣ, ಮನೆ ಕಟ್ಟುವಾಗ ಅಪ್ಪ ಇಷ್ಟು ವಾಸ್ತು ನೋಡಿರಲಿಲ್ಲ” ಎಂದು ನಕ್ಕ.

ಕೈಪಿಡಿಯಲ್ಲಿ ಇಲ್ಲದ್ದು ಕನ್ನಡ. 2024ರ ತಿದ್ದುಪಡಿಯ ನಂತರ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕಾಯಿತು. ಲೋಗೊದ ಸುತ್ತ ಇಂತಿಷ್ಟು ಜಾಗ ಖಾಲಿ ಬಿಡಬೇಕೆಂಬುದು ಕಂಪನಿಯ ನಿಯಮ. ನಮ್ಮ ಒತ್ತಕ್ಷರ ಆ ಜಾಗಕ್ಕೆ ಕಾಲು ಚಾಚುತ್ತದೆ! ಒತ್ತನ್ನು ಕುಗ್ಗಿಸಿ ಕಳಿಸಿದರು. ಫಲಕ ಕಾನೂನಿನಂತಿತ್ತು, ಓದಲು ಮಾತ್ರ ಆಗುತ್ತಿರಲಿಲ್ಲ.

ಕರಾರು ಮುಗಿದಾಗ ನವೀಕರಣದ ಶುಲ್ಕ ಅವನ ಕೈಗೆ ಎಟುಕಲಿಲ್ಲ. ಮೂವತ್ತು ದಿನಗಳಲ್ಲಿ ಎಲ್ಲ ಗುರುತನ್ನೂ ಅಳಿಸಬೇಕಿತ್ತು. ತಾನೇ ಹಣ ಕೊಟ್ಟು ಬಳಿಸಿದ ಕಿತ್ತಳೆಯ ಮೇಲೆ ತಾನೇ ಹಣ ಕೊಟ್ಟು ಸುಣ್ಣದ ಬಿಳಿ ಬಳಿಸಿದ. ಇದನ್ನು ಅನ್ಯಾಯ ಎನ್ನಲಾರೆ. ಓದಿಯೇ ಸಹಿ ಹಾಕಿದ್ದ ಮಾತು. ಆದರೆ ಸದಸ್ಯರಲ್ಲಿ ಅರ್ಧ ಜನ ಬಣ್ಣದ ಜೊತೆಗೇ ಹೊರಟುಹೋದರು. ಉಳಿದವರು ಬೆಳಗಿನ ಐದೂವರೆಯ ಬ್ಯಾಚಿನವರು. ಯಾರ ಮಂಡಿ ನೋಯುತ್ತದೆ, ಯಾರಿಗೆ ಬಿ.ಪಿ. ಇದೆ ಎಂದು ಬಲ್ಲ ಟ್ರೇನರ್‌ಗಾಗಿ ಬರುತ್ತಿದ್ದವರು.

ಹಾಗಾದರೆ ಇಲ್ಲಿ ಯಾವುದಕ್ಕೆ ಒಡೆತನ ಸಲ್ಲುತ್ತದೆ? ಬಿಕ್ರಂ ಚೌಧುರಿ ಕಾದ ಕೋಣೆಯಲ್ಲಿ ಮಾಡಿಸುತ್ತಿದ್ದ 26 ಆಸನ, ಎರಡು ಉಸಿರಾಟದ ಕ್ರಮಗಳ ಸರಣಿ ತಮ್ಮದೆಂದು ಅಮೆರಿಕದಲ್ಲಿ ವಾದಿಸಿದರು. ಅದಕ್ಕೆ ಕೃತಿಸ್ವಾಮ್ಯ ಸಲ್ಲದೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿತು. ಹೆಸರಿಗೆ, ವೇಷಕ್ಕೆ ಬೇಲಿ ಹಾಕಬಹುದು. ಮೈ ಬಗ್ಗಿಸುವ ವಿಧಾನಕ್ಕಲ್ಲ.

ನಮ್ಮ ಊರಿಗೆ ಇದು ಹೊಸ ಸಂಗತಿಯೇನಲ್ಲ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದಲ್ಲಿ, ಆಮೇಲೆ ಗೋಕುಲದಲ್ಲಿ ಕಲಿಸಿದರು. ಇವತ್ತು ಎಷ್ಟೋ ದೇಶಗಳ ಯೋಗಶಾಲೆಗಳ ವೇಳಾಪಟ್ಟಿಯಲ್ಲಿ ‘ಮೈಸೂರು’ ಒಂದು ತರಗತಿಯ ಹೆಸರು. ಆ ಹೆಸರಿನಿಂದ ಗೋಡೆಯ ಬಣ್ಣ ತಿಳಿಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಯಲ್ಲಿ ಅಭ್ಯಾಸ ಮಾಡುತ್ತಾರೆ, ಗುರು ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಾರೆ ಎಂಬುದು ತಿಳಿಯುತ್ತದೆ.

ತಮ್ಮನ ಸಾಲ ಇನ್ನೂ ತೀರಿಲ್ಲ. ಹೊಸ ಫಲಕ ಬರೆಸುವಾಗ ಅವನು ಒಂದೇ ಷರತ್ತು ಹಾಕಿದ: ಒತ್ತಕ್ಷರಕ್ಕೆ ಧಾರಾಳವಾಗಿ ಜಾಗ ಬಿಡಬೇಕು.