ಹರಿಹರದ ಹಳೆಯ ಲೇತು

ಸಂಸಾರದಲ್ಲಿ ಹಳೆಯ ಪದಾರ್ಥವೊಂದು ಕೆಟ್ಟು ನಿಂತಾಗ ಎರಡು ಬಗೆಯ ಮಾತು ಹುಟ್ಟುವುದುಂಟು. “ಇನ್ನೆಷ್ಟು ದಿನ ಇದನ್ನು ಕಟ್ಟಿಕೊಂಡಿರುವುದು? ಗುಜರಿಗೆ ಹಾಕಿ” ಎಂಬುದೊಂದು, “ಒಮ್ಮೆ ಬಿಚ್ಚಿ ನೋಡೋಣ” ಎಂಬುದು ಇನ್ನೊಂದು. ಮೊದಲನೆಯದನ್ನು ಆಡುವುದು ಸುಲಭ. ಎರಡನೆಯದನ್ನು ಆಡಿದವನು ಕೈ ಮಸಿ ಮಾಡಿಕೊಳ್ಳಬೇಕು, ಮೈಮೇಲೆ ಹೊಣೆ ಹೊತ್ತುಕೊಳ್ಳಬೇಕು. ಇವೆರಡು ಮಾತುಗಳ ನಡುವೆ ಸಿಕ್ಕಿದ್ದ ಒಂದು ಲೇತು ಯಂತ್ರದ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ಬಹಳ ದಿನದಿಂದ ಆಸೆ.

ಲೇತೆಂಬುದು ಎಲ್ಲರೂ ಬಳಸುವ ಯಂತ್ರವಲ್ಲ. ಆದರೆ ಅದರ ಉಪಕಾರವಿಲ್ಲದ ಮನೆಯಿಲ್ಲ. ಬಾವಿಯ ಪಂಪಿನ ದಂಡ, ಹಿಟ್ಟಿನ ಗಿರಣಿಯ ಅಚ್ಚು, ಎಣ್ಣೆಯ ಗಾಣದ ಉರುಳೆ ಎಲ್ಲವೂ ಒಂದಲ್ಲ ಒಂದು ದಿನ ಅದರ ಬಾಯಿಗೆ ಬರಲೇಬೇಕು. ಅದರ ತತ್ತ್ವವೂ ನಮಗೆ ಹೊಸದಲ್ಲ. ಹೊಯ್ಸಳರ ಗುಡಿಗಳಲ್ಲಿ ತಿರುಗಣೆಗೆ ಕೊಟ್ಟು ಕಡೆದಂತಿರುವ ಕಂಬಗಳನ್ನು ನೋಡಿಲ್ಲದವರಾರು? ಚನ್ನಪಟ್ಟಣದ ಬಣ್ಣದ ಆಟಿಕೆಗಳೂ ತಿರುಗುವ ಮರಕ್ಕೆ ಉಳಿಯಾನಿಸಿ ಕಡೆದವೇ. ಅಲ್ಲಿ ಉಳಿಯನ್ನು ಹಿಡಿಯುವುದು ಮನುಷ್ಯನ ಕೈ. ಲೋಹದ ಲೇತಿನಲ್ಲಿ ಹಿಡಿಯುವುದು ಉಕ್ಕಿನ ಸ್ಕ್ರೂವಿನಿಂದ ಚಲಿಸುವ ಸ್ಲೈಡು. ಸುಮಾರು 1800ರ ವೇಳೆಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಎಂಬಾತನು ಈ ಏರ್ಪಾಟನ್ನು ಚೆನ್ನಾಗಿ ರೂಢಿಗೆ ತಂದನು. ಅಂದಿನಿಂದ ಕೆಲಸದ ನಿಖರತೆಯು ಕೈಯ ನಡುಕಕ್ಕೆ ಸಿಕ್ಕದೆ ಸ್ಕ್ರೂವಿನ ಹಲ್ಲಿಗೆ ಸೇರಿತು.

ನಮ್ಮ ಸೀಮೆಗೆ ಲೇತಿನ ಮೇಲೆ ಒಂದು ಬಗೆಯ ಸ್ವಂತ ಹಕ್ಕುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಯಂತ್ರಗಳು ಬರುವುದು ದುಸ್ತರವಾಗಿದ್ದಾಗ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ ಹೆಚ್.ಎಂ.ಟಿ. ಹುಟ್ಟಿದ್ದು ಅದಕ್ಕೆ ಹನ್ನೆರಡು ವರ್ಷ ಅನಂತರ, 1953ರಲ್ಲಿ. ಹರಿಹರವು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಹೋಯಿತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಮೇಸ್ತ್ರಿಗಳು ಇಂದಿಗೂ “ನಮ್ಮ ಹರಿಹರದ ಲೇತು” ಎಂದು ಅಭಿಮಾನದಿಂದ ನುಡಿಯುವುದನ್ನು ನಾವು ಕೇಳಿದ್ದೇವೆ. ಆ ಕಾರ್ಖಾನೆ ಈಗ ಇಲ್ಲ. ಅದು ಹೆತ್ತ ಯಂತ್ರಗಳು ಮಾತ್ರ ದುಡಿಯುತ್ತಲೇ ಇವೆ. ಅವು ಕೆಟ್ಟರೆ ತವರಿಗೆ ಬರೆದು ಬಿಡಿಭಾಗ ತರಿಸುವಂತಿಲ್ಲ.

ಹಿರಿಯೂರಿನ ಹೆದ್ದಾರಿಯ ಬದಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ಇಂತಹ ಲೇತೊಂದು ಕೆಲಸಕ್ಕೆ ಬಾರದಂತಾಗಿತ್ತು. ಅದರ ಯಜಮಾನರಾದ ಮೇಸ್ತ್ರಿಗಳು ವೃದ್ಧರು, ನಮಗೆ ಬಹುಕಾಲದ ಪರಿಚಿತರು. ಅವರ ಮಗನು ಗುಜರಿಯವನೊಡನೆ ಆಗಲೇ ತೂಕದ ಮಾತನ್ನಾಡಿ ಮುಗಿಸಿದ್ದನು. ಹುಡುಗನನ್ನು ದೂರುವಂತಿರಲಿಲ್ಲ. ಬೇರಿಂಗು ಕೂರುವ ಜಾಗವನ್ನು ಅಳತೆಗೆ ಕಡೆಯಲಾಗದೆ ಎರಡು ಪಂಪಿನ ದಂಡಗಳು ಹಾಳಾಗಿದ್ದವು. ತೆಂಗಿಗೆ ನೀರಿಲ್ಲವೆಂದು ರೈತರು ದಿನವೂ ಬಂದು ನಿಲ್ಲುತ್ತಿದ್ದರು. “ಸ್ವಾಮೀ, ಸೋಮವಾರ ಅವನು ಲಾರಿ ತರುತ್ತಾನಂತೆ. ಅಷ್ಟರೊಳಗೆ ಒಂದು ಸಲ ಬಿಚ್ಚಿ ನೋಡುವ, ಬನ್ನಿ” ಎಂದು ಮೇಸ್ತ್ರಿಗಳು ಕರೆದರು. ಯಂತ್ರಗಳ ವಿಷಯದಲ್ಲಿ ನಮಗಿರುವ ಹುಚ್ಚು ಅವರಿಗೆ ಗೊತ್ತು. ಅಂದು ಗುರುವಾರ.

ರೋಗವಿದ್ದುದು ಉಳಿಯನ್ನು ಅಡ್ಡಲಾಗಿ ನಡೆಸುವ ಕ್ರಾಸ್ ಸ್ಲೈಡಿನಲ್ಲಿ. ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದರೆ ಆ ಸ್ಲೈಡು 5 ಮಿಲಿಮೀಟರು ಸರಿಯಬೇಕು. ಆದರೆ ದಿಕ್ಕು ಬದಲಿಸಿದಾಗಲೆಲ್ಲ ಕಾಲು ಸುತ್ತು ಬರಿದೇ ತಿರುಗುತ್ತಿತ್ತು. ಉಳಿ ಅಲುಗುತ್ತಲೇ ಇರಲಿಲ್ಲ. ಕಸುಬಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಸ್ವಲ್ಪ ಪ್ಲೇ ಇದ್ದರೆ ಬಾಧಕವಿಲ್ಲ; ಯಾವಾಗಲೂ ಒಂದೇ ಕಡೆಯಿಂದ ಹ್ಯಾಂಡಲನ್ನು ತಂದು ನಿಲ್ಲಿಸಿದರಾಯಿತು. ಅತಿಯಾದರೆ ಉಳಿಯು ತಾನೇ ಕೆಲಸದೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದು ಕೂದಲೆಳೆಯಷ್ಟು ಒಳಸರಿದರೂ ದಂಡದ ವ್ಯಾಸ ಅದರ ಇಮ್ಮಡಿ ಕುಗ್ಗುತ್ತದೆ.

ಮೊದಲು ಕರೆಂಟು ತೆಗೆದು, ಕಬ್ಬಿಣದ ತುರಿಯನ್ನೆಲ್ಲ ಕುಂಚದಿಂದ ಗುಡಿಸಿದೆವು. ಮೇಲಿನ ಚಿಕ್ಕ ಸ್ಲೈಡನ್ನು ಬಿಚ್ಚಿ ಕೆಳಗಿಟ್ಟೆವು. ಸಂದಿಯಲ್ಲಿ ಬಿಗಿಯಾಗಿ ಕೂತಿದ್ದ ಓರೆಪಟ್ಟಿಯನ್ನು, ಅಂದರೆ ಗಿಬ್ಬನ್ನು, ಎಳೆದು ತೆಗೆದೆವು. ನಟ್ಟನ್ನು ಸ್ಲೈಡಿಗೆ ಕಚ್ಚಿಸಿದ್ದ ಬೋಲ್ಟನ್ನು ಕಳಚಿ, ಸ್ಲೈಡನ್ನು ಹಿಂದಕ್ಕೆ ಜಾರಿಸಿ, ಕಡೆಗೆ ಸ್ಕ್ರೂವನ್ನು ಅದರ ಡಯಲಿನ ಸಮೇತ ಮುಂದಿನಿಂದ ಹೊರತೆಗೆದೆವು. ಬಿಚ್ಚಿದ್ದನ್ನೆಲ್ಲ ಹಳೆಯ ವೃತ್ತಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕೆಂಬುದು ಮೇಸ್ತ್ರಿಗಳ ಕಟ್ಟಾಜ್ಞೆ. ಜೋಡಿಸುವಾಗ ಕಾಗದದ ಕೊನೆಯಿಂದ ಹಿಂದಕ್ಕೆ ಬಂದರೆ ಸಾಕು, ನೆನಪಿಗೆ ಕಷ್ಟವಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದಾಗ ವರ್ಷಗಳ ಕಪ್ಪು ಬಿಟ್ಟು ಉಕ್ಕಿನ ಮೈ ಹೊಳೆಯಿತು. ಮಗನೂ ಬಾಗಿಲಿನಿಂದ ಒಳಗೆ ಬಂದು ನಿಂತನು.

ಸ್ಕ್ರೂ ಸವೆದಿದೆಯೋ, ನಟ್ಟು ಸವೆದಿದೆಯೋ? ಇದೇ ಮುಖ್ಯ ಪ್ರಶ್ನೆ. ಸ್ಕ್ರೂವಿನ ನಡುಭಾಗವು ಸದಾ ಬಳಕೆಯಲ್ಲಿರುತ್ತದೆ, ತುದಿಗಳು ಅಪರೂಪ. ಮೇಸ್ತ್ರಿಗಳು ನಟ್ಟನ್ನು ನಡುವಿನಲ್ಲಿ ಕೂರಿಸಿ ಅಲುಗಿಸಿದರು. ಬಳಿಕ ತುದಿಯಲ್ಲಿ ಅಲುಗಿಸಿದರು. ಎರಡೂ ಕಡೆ ಸಡಿಲ ಹೆಚ್ಚುಕಡಮೆ ಒಂದೇ. ಸ್ಕ್ರೂ ಸವೆದಿದ್ದರೆ ತುದಿಯಲ್ಲಿ ಬಿಗಿಯಿರಬೇಕಿತ್ತು. ಆದುದರಿಂದ ಕುಂದು ನಟ್ಟಿನದೇ ಎಂದು ನಿಶ್ಚಯವಾಯಿತು. ಇದು ಅಕಸ್ಮಾತ್ತಲ್ಲ. ಉಕ್ಕಿನ ಸ್ಕ್ರೂವಿಗೆ ಬೇಕೆಂದೇ ಮೆತುವಾದ ಗನ್‌ಮೆಟಲಿನ ನಟ್ಟನ್ನು ಕೊಟ್ಟಿರುತ್ತಾರೆ. ನೂರಕ್ಕೆ 88 ಪಾಲು ತಾಮ್ರ, 10 ಪಾಲು ತವರ, 2 ಪಾಲು ಸತುವು ಬೆರೆತ ಲೋಹವದು. ಬೆಲೆಬಾಳುವ ಸ್ಕ್ರೂ ಉಳಿಯಲೆಂದು ತಾನು ಸವೆಯುವುದೇ ಅದರ ಧರ್ಮ. ಅದನ್ನು ಅಂಗೈಯಲ್ಲಿ ಹಿಡಿದಾಗ ಚೂಪಾಗಿ ಸಣಕಲಾಗಿದ್ದ ಹಲ್ಲುಗಳನ್ನು ಕಂಡು ನಮಗೆ ಅನೇಕ ಮನೆಗಳ ಹಿರಿಯರ ನೆನಪಾಯಿತು.

ಹೊಸ ನಟ್ಟು ಮಾಡಲು ಲೇತು ಬೇಕು; ಲೇತೋ ಕಾಗದದ ಮೇಲೆ ಬಿಚ್ಚಿ ಬಿದ್ದಿದೆ! ಮಾರನೆಯ ದಿನ ಗನ್‌ಮೆಟಲಿನ ಗಟ್ಟಿಯನ್ನೂ ಸ್ಕ್ರೂವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ಸುಮಾರು 40 ಕಿಲೋಮೀಟರು ದೂರದ ಚಿತ್ರದುರ್ಗಕ್ಕೆ ಹೊರಟೆವು. ಅಲ್ಲಿಯ ಮತ್ತೊಬ್ಬ ಮೇಸ್ತ್ರಿಯ ಲೇತಿನಲ್ಲಿ ರಂಧ್ರ ಕೊರೆದು ಹಲ್ಲು ತೆಗೆಯುವ ಕಾರ್ಯ ನಡೆಯಿತು. ಈ ಹಲ್ಲು ಎಡಮುರಿಯದು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರೆ ಉಳಿ ಮುಂದಕ್ಕೆ ಹೋಗಬೇಕಾದರೆ ಸ್ಕ್ರೂ ಎಡಮುರಿಯೇ ಆಗಿರಬೇಕು. ಪೇಟೆಯಲ್ಲಿ ಸಿಕ್ಕುವ ಸಾಧಾರಣ ನಟ್ಟು ಇಲ್ಲಿ ನಡೆಯದು. ಆತನು ಒಂದೊಂದು ಎಳೆಯಾಗಿ ಲೋಹ ತೆಗೆದು, ಸ್ಕ್ರೂವನ್ನೇ ಅಳತೆಗೋಲಾಗಿ ಹಾಕಿ ನೋಡಿ, ಮತ್ತೆ ತೆಗೆದು, ಸಂಜೆಯ ಹೊತ್ತಿಗೆ ಮುಗಿಸಿದನು.

ಶನಿವಾರ ಜೋಡಣೆ. ಸ್ಕ್ರೂವಿನ ಕಾಲರಿನಲ್ಲಿದ್ದ ಅಲುಗಾಟವನ್ನು ತೆಳುವಾದ ವಾಷರೊಂದನ್ನು ಕೂರಿಸಿ ನೀಗಿದೆವು. ಗಿಬ್ಬನ್ನು ಬಿಗಿ ಮಾಡುವಾಗ ಮಗನು ಅತಿಯಾಗಿ ತಿರುಗಿಸಲು ಹೊರಟನು. ಮೇಸ್ತ್ರಿಗಳು ತಡೆದು, “ಪೂರಾ ಬಿಗಿದರೆ ಎಣ್ಣೆಗೆ ಜಾಗವಿಲ್ಲ ಮಗಾ, ಎಣ್ಣೆಯಿಲ್ಲದಿದ್ದರೆ ಆಯುಸ್ಸಿಲ್ಲ” ಎಂದರು. ಹ್ಯಾಂಡಲನ್ನು ಹಿಂದುಮುಂದಾಗಿ ತಿರುಗಿಸಿದಾಗ ಪೋಲಾದುದು ಡಯಲಿನ ಎರಡು ಮೂರು ಗೀಟು ಮಾತ್ರ. ಅಂದು ಮಧ್ಯಾಹ್ನವೇ ರೈತನ ಪಂಪಿನ ದಂಡವನ್ನು ಮಗನ ಕೈಯಿಂದಲೇ ಕಡೆಸಿದರು. ಬೇರಿಂಗು ಸುತ್ತಿಗೆಯ ಮೆಲುಪೆಟ್ಟಿಗೆ ತನ್ನ ಜಾಗದಲ್ಲಿ ಹೋಗಿ ಕೂತಿತು. ಅವನೇ ಗುಜರಿಯವನಿಗೆ ಫೋನು ಮಾಡಿ ಲಾರಿ ಬೇಡವೆಂದನು.

ಹಳೆಯದೆಲ್ಲವನ್ನೂ ಉಳಿಸಬೇಕೆಂಬುದು ನಮ್ಮ ವಾದವಲ್ಲ. ಎರಕದ ಮೈಯೇ ಸೀಳಿದ್ದರೆ ಆ ಲೇತನ್ನು ತೂಕಕ್ಕೆ ಹಾಕುವುದೇ ವಿವೇಕವಾಗುತ್ತಿತ್ತು. ಆದರೆ ಕೆಟ್ಟಿರುವುದು ಯಾವುದು, ಗಟ್ಟಿಯಾಗಿರುವುದು ಯಾವುದು ಎಂಬುದು ಬಿಚ್ಚಿ ತೊಳೆದಲ್ಲದೆ ತಿಳಿಯದು. ಅಂಗೈಯಗಲದ ನಟ್ಟೊಂದು ಸವೆದುದಕ್ಕಾಗಿ ಇಡೀ ಯಂತ್ರದ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಎಂದು ಬಿಡಿಸಿ ಹೇಳಬೇಕಾದುದಿಲ್ಲವಷ್ಟೆ.