ಡಿಕ್ಕಿಯಲ್ಲಿ ಸೋನಾ ಮಸೂರಿ

ಅಮೆರಿಕದ ಮಿನ್ನೆಸೋಟಾದಲ್ಲಿ ಮಜ್ದಾ ಮಿಯಾಟಾ ಎಂಬ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನಿಗೆ ಜೂನ್ ತಿಂಗಳಲ್ಲಿ ಸಿಗುವ ಗೌರವವೇ ಬೇರೆ, ಜನವರಿಯಲ್ಲಿ ಸಿಗುವ ಕನಿಕರವೇ ಬೇರೆ. ಜೂನ್‌ನಲ್ಲಿ ಪೆಟ್ರೋಲ್ ಬಂಕಿಗೆ ಹೋದರೆ ಗುರುತು ಪರಿಚಯ ಇಲ್ಲದವರು ಹತ್ತಿರ ಬಂದು, ಕೆಂಪು ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿ, "ಯಾವ ಇಸವಿಯದು?" ಅನ್ನುತ್ತಾರೆ. ಜನವರಿಯಲ್ಲಿ ಅದೇ ಬಂಕಿನಲ್ಲಿ ಅದೇ ಜನ ತಮ್ಮ ಎತ್ತರದ ಪಿಕಪ್ಪಿನ ಕಿಟಕಿ ಇಳಿಸಿ, ಕೆಳಗೆ ಬಗ್ಗಿ ನೋಡಿ, "ಮನೆ ಇಲ್ಲೇ ಹತ್ತಿರ ತಾನೆ?" ಎಂದು ವಿಚಾರಿಸುತ್ತಾರೆ.

ಇಲ್ಲಿನ ವಿವೇಕಿಗಳು ಬೇಸಿಗೆಗೊಂದು, ಚಳಿಗಾಲಕ್ಕೊಂದು ಕಾರು ಇಟ್ಟುಕೊಳ್ಳುವುದು ರೂಢಿ. ಸ್ಪೋರ್ಟ್ಸ್ ಕಾರು ಅಕ್ಟೋಬರಿನಲ್ಲಿ ಹೊದ್ದು ಮಲಗಿತೆಂದರೆ ಏಳುವುದು ಯುಗಾದಿ ಕಳೆದ ಮೇಲೆಯೇ. ಅಲ್ಲಿಯ ತನಕ ಓಡಾಡಲು ತುಕ್ಕು ಹಿಡಿದ, ಗುದ್ದಿದರೂ ಬೇಸರವಿಲ್ಲದ ಇನ್ನೊಂದು ಗಾಡಿ. ನಮ್ಮ ಮನೆಯಲ್ಲಿ ಈ ವ್ಯವಸ್ಥೆಗೆ ಜಾಗವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಬುದ್ಧಿವಂತ ಕಾರು ಹೆಂಡತಿಯ ಜೊತೆ ಅವಳ ಆಫೀಸಿಗೆ ಹೋಗುತ್ತಿತ್ತು. ಉಳಿದದ್ದು ನಾನು ಮತ್ತು ಮಿಯಾಟಾ. "ಮಳೆಗಾಲ ಬಂತು ಅಂದ್ರೆ ನಮ್ಮೂರಲ್ಲಿ ಕೊಡೆ ತಗೋತಾರೆ, ನೀವು ಚಳಿಗಾಲಕ್ಕೆ ಬಟ್ಟೆ ಮಾಡಿನ ಕಾರು ತಗೊಂಡ್ರಿ" ಎಂದು ಅವಳು ಅಂದದ್ದು ಒಂದೇ ಸಲ. ಆದರೆ ಪ್ರತಿ ನವೆಂಬರಿನಲ್ಲೂ ನನಗೆ ಅದು ಹೊಸದಾಗಿ ಕೇಳಿಸುತ್ತಿತ್ತು.

ಹಿಮಕ್ಕೂ ಈ ಕಾರಿಗೂ ಆಗಿಬರುವುದಿಲ್ಲ ಎನ್ನುವುದಕ್ಕೆ ಅದರ ಜಾತಕವೇ ಸಾಕ್ಷಿ. ಹಗುರವಾದ, ಮಾಡು ತೆಗೆಯಬಹುದಾದ, ಕಡಿಮೆ ಬೆಲೆಯ ಎರಡು ಸೀಟಿನ ಕಾರು ಮಾಡಿ ಎಂದು ಮಜ್ದಾದ ಕೆನಿಚಿ ಯಮಮೊಟೊ ಅವರಿಗೆ 1979ರಲ್ಲಿ ಸಲಹೆ ಕೊಟ್ಟವನು ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ. ಅದರ ರೂಪ ಬಿಡಿಸಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ. ಅಲ್ಲಿ ಸ್ವೆಟರ್ ಹಾಕಿಕೊಳ್ಳುವುದೇ ಒಂದು ಘಟನೆ. ಆದರೆ ಅದನ್ನು ಮೊದಲು ಜನರೆದುರು ನಿಲ್ಲಿಸಿದ್ದು ಎಲ್ಲಿ? 1989ರ ಫೆಬ್ರವರಿಯಲ್ಲಿ, ಚಿಕಾಗೊ ಆಟೊ ಶೋದಲ್ಲಿ. ಹೊರಗೆ ಮಿಷಿಗನ್ ಸರೋವರದ ಗಾಳಿ ಕಿವಿ ಕತ್ತರಿಸುವ ಕಾಲ, ಒಳಗೆ ದೀಪದ ಕೆಳಗೆ ತೆರೆದ ಕಾರು. ಕೋಟು, ಮಫ್ಲರು, ಟೊಪ್ಪಿಗಳ ಭಾರದಲ್ಲಿ ಬಂದ ಜನ ಅದನ್ನು ನೋಡಿ ಮರುಳಾದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಿಯಾಟಾ ಬೇಕೆನ್ನಿಸುವುದೇ ಫೆಬ್ರವರಿಯಲ್ಲಿ.

ತೊಂದರೆಯ ಮೂಲ ಇಷ್ಟು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಕೂತಿರುತ್ತದೆ. ಎತ್ತು ಮುಂದೆ, ಗಾಡಿ ಹಿಂದೆ. ಎತ್ತಿನ ಗೊರಸು ನೆಲ ಕಚ್ಚಿತೆಂದರೆ ಗಾಡಿ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಮಿಯಾಟಾದಲ್ಲಿ ತಿರುಗಿಸುವ ಚಕ್ರ ಮುಂದೆ, ತಳ್ಳುವ ಚಕ್ರ ಹಿಂದೆ. ಇಡೀ ಕಾರಿನ ತೂಕ ಸಾವಿರ ಕಿಲೋ ಮುಟ್ಟುವುದಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಹಿಂದಿನ ಚಕ್ರಗಳ ಪಾಲಿಗೆ. ಒಣ ರಸ್ತೆಯಲ್ಲಿ ಈ ಸಮಪಾಲೇ ಕಾರಿನ ಸೊಗಸು. ಹಿಮದ ಮೇಲೆ, ಎಡಕ್ಕೆ ತಿರುಗುವಾಗ ಬಲಗಾಲಿನ ಹೆಬ್ಬೆರಳು ಒಂದಿಷ್ಟು ಆಸೆಪಟ್ಟರೂ ಸಾಕು, ಹಿಂಭಾಗಕ್ಕೆ ಮುಂದೆ ಬಂದು ದಾರಿ ನೋಡುವ ಕುತೂಹಲ ಹುಟ್ಟುತ್ತದೆ. ತಡೆಯಲು ಎಲೆಕ್ಟ್ರಾನಿಕ್ ಕಾವಲುಗಾರರು ಯಾರೂ ಇಲ್ಲ. ಜಾರುವುದನ್ನು ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2012ರ ಮಾಡೆಲ್‌ನಿಂದ. ನನ್ನದು ಅದಕ್ಕಿಂತ ಎರಡು ದಶಕ ಹಿರಿಯ.

ಆದರೆ ಹಿಂದಿನ ಚಕ್ರದ ಚೇಷ್ಟೆ ಮಲೆನಾಡಿನವನಿಗೆ ತೀರಾ ಹೊಸದೇನಲ್ಲ. ಕೊಪ್ಪದ ಕಡೆ ನಮ್ಮ ದೊಡ್ಡಪ್ಪನ ಹತ್ತಿರ ಫೋರ್‌ವೀಲ್ ಇಲ್ಲದ ಹಳೇ ಜೀಪಿತ್ತು. ಆಷಾಢ ಹಿಡಿದರೆ ಹಿಂದಿನ ಟೈರಿಗೆ ಚೈನು ಸುತ್ತಿ, ಹಿಂದುಗಡೆ ನಾಲ್ಕು ಆಳು ಕೂರಿಸಿ, ತೋಟದ ದಾರಿಯ ಕೆಂಪು ಕೆಸರಿನಲ್ಲಿ ಅವರು ಹೋಗುತ್ತಿದ್ದ ರೀತಿಯನ್ನು ಪಕ್ಕದ ಸೀಟಿನಲ್ಲಿ ಕೂತು ಕಂಡವನು ನಾನು. "ಕೆಸರಲ್ಲಿ ಹಟ ಮಾಡ್ಬಾರ್ದು ಮಾರಾಯ. ಗಾಡಿ ಹೋಗ್ತೀನಿ ಅಂದ ಕಡೆ ಸ್ವಲ್ಪ ಹೋಗ್ಲಿಕ್ಕೆ ಬಿಡ್ಬೇಕು, ಆಮೇಲೆ ಮೆಲ್ಲ ನಮ್ಮ ಕಡೆ ತಿರುಗಿಸ್ಕೋಬೇಕು" ಅನ್ನುತ್ತಿದ್ದರು. ಹಿಂಭಾಗ ಜಾರಿದ ದಿಕ್ಕಿಗೇ ಸ್ಟೇರಿಂಗ್ ತಿರುಗಿಸು, ಬ್ರೇಕ್ ಮುಟ್ಟಬೇಡ, ಹೋಗಬೇಕಾದ ಕಡೆಯೇ ಕಣ್ಣಿಡು ಎಂದು ಇಲ್ಲಿನ ಡ್ರೈವಿಂಗ್ ಪುಸ್ತಕಗಳು ಹೇಳುವುದೂ ಅದನ್ನೇ. ಮಾರಾಯ ಎಂಬ ಒಂದು ಮಾತು ಬಿಟ್ಟಿದ್ದಾರೆ, ಅಷ್ಟೇ.

ನಾಲ್ಕು ಆಳನ್ನು ಮಿಯಾಟಾದ ಡಿಕ್ಕಿಯಲ್ಲಿ ಕೂರಿಸುವ ಹಾಗಿಲ್ಲ. ಅದಕ್ಕೆ ಇಲ್ಲಿನವರ ಉಪಾಯ ಮರಳು. ನವೆಂಬರ್ ಬಂದರೆ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲಿ 60 ಪೌಂಡಿನ, ಅಂದರೆ 27 ಕಿಲೋದ ಮರಳಿನ ಉದ್ದ ಚೀಲಗಳು ಸಾಲಾಗಿ ಮಲಗಿರುತ್ತವೆ. ಡಿಕ್ಕಿಯಲ್ಲಿದ್ದರೆ ಭಾರ, ಚಕ್ರ ಹೂತಾಗ ಕೆಳಗೆ ಸುರಿದರೆ ಹಿಡಿತ. ಒಂದನ್ನು ತಂದು ಹಾಕಿದೆ. ಇನ್ನೊಂದು ತರಲು ಹೊರಟಾಗ ಹೆಂಡತಿ, "ಇಪ್ಪತ್ತು ಪೌಂಡಿನ ಅಕ್ಕಿ ಚೀಲ ಹೇಗೂ ತರ್ತೀವಲ್ಲ, ಮರಳಿಗೆ ಯಾಕೆ ದುಡ್ಡು ದಂಡ?" ಅಂದಳು. ಅಲ್ಲಿಂದ ಮುಂದೆ ನಮ್ಮ ಚಳಿಗಾಲದ ಸೋನಾ ಮಸೂರಿಯ ದಾಸ್ತಾನು ಡಿಕ್ಕಿಗೆ ವರ್ಗವಾಯಿತು. ವ್ಯವಸ್ಥೆ ಸೊಗಸಾಗಿಯೇ ಇತ್ತು. ಊನ ಗೊತ್ತಾದದ್ದು ಫೆಬ್ರವರಿಯಲ್ಲಿ. ಮನೆಗೆ ನೆಂಟರು ಬಂದುಹೋದ ವಾರ ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಹಗುರಾಗಿ, ನಮ್ಮ ಬೀದಿಯ ತಿರುವಿನಲ್ಲೇ ಕುಣಿಯತೊಡಗಿತು. ಬಿಸಿಬೇಳೆ ಬಾತಿಗೂ ರಸ್ತೆ ಸುರಕ್ಷತೆಗೂ ಇಷ್ಟು ನೇರ ಸಂಬಂಧ ಇರುವ ಮನೆ ಇಡೀ ಸೇಂಟ್ ಪಾಲ್ ನಗರದಲ್ಲಿ ನಮ್ಮದೊಂದೇ ಇದ್ದಿರಬೇಕು.

ಟೈರಿನ ಮಾತು ಆಡದೆ ಮುಂದೆ ಹೋದರೆ ಕೃತಘ್ನತೆಯಾದೀತು. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರು ಬಿಗಿಯುತ್ತದೆ. ಚಳಿಗಾಲದ ಟೈರಿನದು ಮೆತ್ತಗಿನ ಜಾತಿ. ಅದರ ಮೈತುಂಬ ಕೂದಲೆಳೆಯ ಸೀಳುಗಳು, ಹಿಮವನ್ನು ಕಚ್ಚಿ ಹಿಡಿಯುವುದಕ್ಕೆ. ಮೊಳೆ ಹೊಡೆದ ಟೈರಿಗೆ ಮಿನ್ನೆಸೋಟಾದವರಿಗೆ ಪರವಾನಗಿ ಇಲ್ಲ, ಆದ್ದರಿಂದ ಈ ಸೀಳುಗಳೇ ಗತಿ. ನಾಲ್ಕು ಚಕ್ರ ಕೆಳಗೆ, ನಾಲ್ಕು ಗ್ಯಾರೇಜಿನ ಗೋಡೆಗೆ. ಆಯುಧಪೂಜೆಯ ದಿನ ಎಂಟಕ್ಕೂ ಅರಿಸಿನ ಕುಂಕುಮ. ಗೋಡೆಗೆ ಒರಗಿದ ಚಕ್ರಗಳ ಕೆಳಗೂ ನಿಂಬೆಹಣ್ಣು ಇಡಬೇಕೇ ಎಂಬ ಶಾಸ್ತ್ರವಿಚಾರವನ್ನು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದಕ್ಕೆ, "ನಿನಗೆ ಮಾಡಲಿಕ್ಕೆ ಬೇರೆ ಕೆಲಸ ಇಲ್ವಾ?" ಎಂಬ ತೀರ್ಪು ಬಂತು.

ಹಿಮ ಬೀಳುವ ದಿನಕ್ಕಿಂತ ಕೆಟ್ಟದ್ದು, ಹಿಮವೇ ಇಲ್ಲದೆ ಆಕಾಶ ಶುಭ್ರವಾಗಿ, ಚಳಿ ಮೈನಸ್ ಇಪ್ಪತ್ತೈದಕ್ಕೆ ಇಳಿದ ದಿನ. ಸಿಗ್ನಲ್ಲಿನಲ್ಲಿ ನಿಂತ ಕಾರುಗಳ ಹೊಗೆ ಕೊಳವೆಯಿಂದ ಬಂದ ಆವಿ ಅಲ್ಲೇ ರಸ್ತೆಗೆ ಬಿದ್ದು ಹೆಪ್ಪುಗಟ್ಟುತ್ತದೆ. ಮುಂದಿನವರ ಚಕ್ರಗಳು ಅದನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟಿರುತ್ತವೆ. ಹಸಿರು ಬಂತು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಎಂಜಿನ್ ಹಾಡಿತು, ಚಕ್ರ ತಿರುಗಿತು, ಕಾರು ಮಾತ್ರ ಇದ್ದಲ್ಲೇ ಇದ್ದು ಮೆಲ್ಲಗೆ ಪಕ್ಕಕ್ಕೆ, ರಸ್ತೆಯ ಇಳಿಜಾರಿನ ಕಡೆಗೆ, ಸಂಕೋಚದಿಂದ ಸರಿಯಿತು. ಇಂಥ ಹೊತ್ತಿನಲ್ಲಿ ಎಲ್ಲಿಂದಲೋ ಇಬ್ಬರು ಪ್ರತ್ಯಕ್ಷರಾಗುತ್ತಾರೆ. ಮಾತಿಲ್ಲ ಕತೆಯಿಲ್ಲ, ಡಿಕ್ಕಿಗೆ ಕೈ ಕೊಟ್ಟು ತಳ್ಳುತ್ತಾರೆ. ತಿರುಗಿ ನೋಡಿ ಕೈ ಎತ್ತುವಷ್ಟರಲ್ಲಿ ತಮ್ಮ ಪಾಡಿಗೆ ಹೊರಟುಹೋಗಿರುತ್ತಾರೆ. ಈ ಊರಿನವರು ಮನೆಗೆ ಕರೆಯುವುದು ನಿಧಾನ ಎಂದು ನಮ್ಮವರು ದೂರುತ್ತಾರೆ. ಇರಬಹುದು. ಆದರೆ ನನಗೆ ಇಲ್ಲಿ ಸಿಕ್ಕ ಪರಿಚಯಗಳಲ್ಲಿ ಬಹುಪಾಲು ಡಿಕ್ಕಿಯ ಹಿಂದಿನಿಂದಲೇ ಬಂದದ್ದು. ನಾಲ್ಕೂ ಚಕ್ರ ಎಳೆಯುವ ಸುಬಾರು ಕಾರಿನವನನ್ನು ಯಾರು ತಳ್ಳುತ್ತಾರೆ?

ಸಂಕ್ರಾಂತಿಯ ಒಂದು ಸಂಜೆಯನ್ನಂತೂ ಹೇಳಲೇಬೇಕು. ಆ ಬೆಳಿಗ್ಗೆ ಬುದ್ಧಿವಂತ ಕಾರಿನ ಬ್ಯಾಟರಿ ಚಳಿಗೆ ಸತ್ತಿತ್ತು. ಗ್ಯಾರೇಜಿನೊಳಗಿದ್ದ ಮಿಯಾಟಾದ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ. ಅಕ್ಕಿಯ ಪಕ್ಕದಲ್ಲಿ ಸುಖವಾಗಿತ್ತು. ಎಳ್ಳು ಬೀರಲು ಅದರಲ್ಲೇ ಹೊರಟೆವು. ರೇಷ್ಮೆ ಸೀರೆ, ಅದರ ಕೆಳಗೆ ಮೊಣಕಾಲುದ್ದದ ಸ್ನೋ ಬೂಟು, ತೊಡೆಯ ಮೇಲೆ ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚಿನ ಡಬ್ಬಿ, ಎಡಗೈಯಲ್ಲಿ ಕಬ್ಬಿನ ತುಂಡು: ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದಳು. ಮೊದಲ ಮನೆಯಲ್ಲಿ ಕಾಫಿ ಮುಗಿಸಿ ಹೊರಗೆ ಬಂದರೆ ಕತ್ತಲು. ಈ ಕಾರಿನ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮುಚ್ಚಿಕೊಂಡಿದ್ದು, ಸ್ವಿಚ್ ಒತ್ತಿದರೆ ಮೇಲೇಳುವಂಥವು. ಎಂಜಿನ್ನಿನ ಬಿಸಿಗೆ ಕರಗಿದ ಹಿಮ ಅವುಗಳ ಅಂಚಿನಲ್ಲಿ ಇಳಿದು, ನಾವು ಕಾಫಿ ಕುಡಿಯುವಷ್ಟರಲ್ಲಿ ಮತ್ತೆ ಕಲ್ಲಾಗಿತ್ತು. ಸ್ವಿಚ್ ಒತ್ತಿದೆ. ಎಡಗಣ್ಣು ತೆರೆಯಿತು, ಬಲಗಣ್ಣು ಮುಚ್ಚಿಯೇ ಇತ್ತು. ಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದ ಮನೆಯವರನ್ನು ನೋಡಿ ಹೆಂಡತಿ, "ರೀ, ನಿಮ್ಮ ಕಾರು ಅವರ ಅತ್ತೆಗೆ ಕಣ್ಣು ಹೊಡೀತಾ ಇದೆ" ಅಂದಳು.

ಮಜ್ದಾದ ಎಂಜಿನಿಯರುಗಳಿಗೆ ಇಂಥದ್ದೊಂದು ಸಂಜೆಯ ಕಲ್ಪನೆ ಇತ್ತು ಅನ್ನಿಸುತ್ತದೆ. ಬಾನೆಟ್ ಎತ್ತಿದರೆ ಪ್ರತಿ ಲೈಟಿನ ಮೋಟಾರಿಗೂ ಒಂದು ರಬ್ಬರ್ ಟೊಪ್ಪಿ, ಅದರ ಕೆಳಗೆ ಕೈಯಿಂದ ತಿರುಗಿಸುವ ಸಣ್ಣ ಗುಂಡಿ. ಕೈಗವಸು ಹಾಕಿಕೊಂಡರೆ ಅದು ಹಿಡಿತಕ್ಕೆ ಸಿಗದು, ತೆಗೆದರೆ ಬೆರಳು ನಮ್ಮದಾಗಿ ಉಳಿಯದು. ಅಂಚಿನ ಹಿಮಗಲ್ಲನ್ನು ಕ್ರೆಡಿಟ್ ಕಾರ್ಡಿನಿಂದ ಕೆರೆದು, ಸುತ್ತು ಸುತ್ತಾಗಿ ತಿರುಗಿಸಿದೆ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಕಟಕ್ ಎಂದು ಮುಚ್ಚಳ ಬಿಟ್ಟುಕೊಂಡು ರೆಪ್ಪೆ ಮೇಲೆದ್ದಿತು. ಬಾಗಿಲಿನಲ್ಲಿ ಚಪ್ಪಾಳೆ. ಅತ್ತೆಯವರೂ ಸೇರಿದ್ದರು.

ಇನ್ನೊಂದು ಸುಖವನ್ನು ಇಲ್ಲಿಯ ತನಕ ಮುಚ್ಚಿಟ್ಟಿದ್ದೇನೆ. ಮಾರ್ಚ್ ಆರಂಭದಲ್ಲಿ, ನೆಲದ ಮೇಲೆ ಇನ್ನೂ ಮೊಣಕಾಲುದ್ದ ಹಿಮ ಇರುವಾಗ, ಒಂದು ಭಾನುವಾರ ಬಿಸಿಲು ಬೀಳುತ್ತದೆ. ರಸ್ತೆ ಒಣಗಿರುತ್ತದೆ. ಮಾಡಿನ ಹಿಂಗಿಟಕಿ ಪ್ಲಾಸ್ಟಿಕ್ಕಿನದು. ಚಳಿಯಲ್ಲಿ ಮಡಿಸಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ, ಪ್ಲಾಸ್ಟಿಕ್ ಮೆತ್ತಗಾಗುವ ತನಕ ಕಾದು, ಅದರ ಜಿಪ್ ಬಿಚ್ಚಿ, ಆಮೇಲೆ ಮಾಡು ಇಳಿಸಬೇಕು. ಕಾಲಬುಡಕ್ಕೆ ಕಾರಿನ ಹೀಟರು ಸುಡುವಷ್ಟು ಬಿಸಿ ಊದುತ್ತದೆ, ಕಿವಿಯ ಮೇಲೆ ಉಣ್ಣೆ ಟೊಪ್ಪಿ. ಮಿಸಿಸಿಪ್ಪಿಯ ದಂಡೆಯ ರಸ್ತೆಯಲ್ಲಿ ಎರಡೂ ಕಡೆ ಹಿಮ ಬಾಚುವ ನೇಗಿಲು ಗಾಡಿಗಳು ಒತ್ತರಿಸಿಟ್ಟ ಬಿಳಿ ಗೋಡೆ, ಮೇಲೆ ನೀಲಿ, ನಡುವೆ ನಾವಿಬ್ಬರು. ಈ ನೇಗಿಲು ಗಾಡಿಗಳಿಗೆ ರಾಜ್ಯದ ಸಾರಿಗೆ ಇಲಾಖೆ ಜನರಿಂದ ಮತ ಹಾಕಿಸಿ ಹೆಸರಿಡುತ್ತದೆ. 2021ರಲ್ಲಿ ಗೆದ್ದದ್ದು 'ಪ್ಲೋವಿ ಮೆಕ್‌ಪ್ಲೋಫೇಸ್', ನೇಗಿಲುಮೋರೆಯ ನೇಗಿಲಪ್ಪ ಅನ್ನಿ. ಇಂಥ ಸರ್ಕಾರದ ಕೆಳಗೆ ತೆರೆದ ಕಾರಿನಲ್ಲಿ ಹೋಗುವವನಿಗೆ ಯಾರೂ ಹುಚ್ಚ ಅನ್ನುವುದಿಲ್ಲ.

ಕಾರನ್ನು ಕೊನೆಗೆ ತಿಂದದ್ದು ಹಿಮವಲ್ಲ, ಉಪ್ಪು. ರಸ್ತೆಗೆ ಸುರಿಯುವ ಉಪ್ಪಿಗೆ ಮೈನಸ್ ಒಂಬತ್ತರ ಆಚೀಚೆಯವರೆಗೆ ಮಂಜು ಕರಗಿಸುವ ಶಕ್ತಿ. ಅದಕ್ಕಿಂತ ಕೆಳಗೆ ಹೋದರೆ ಕೆಲಸ ಮಂದ. ಕಬ್ಬಿಣದ ಮೇಲಿನ ಕೆಲಸ ಮಾತ್ರ ವಸಂತದಲ್ಲೂ ನಿಲ್ಲದು. ಬಾಗಿಲ ಕೆಳಗಿನ ಹೊಸ್ತಿಲ ಭಾಗದಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದ. ಅದು ಹಿಡಿಯ ತನಕ ಒಳಗೆ ಹೋಯಿತು. ಹೊರಗೆಳೆದು, ತುದಿಗೆ ಅಂಟಿದ ಕಂದು ಪುಡಿಯನ್ನು ನನಗೆ ತೋರಿಸಿ, ಸಾವಿನ ಮನೆಯವರ ದನಿಯಲ್ಲಿ, "ಎಂಜಿನ್ ಮಾತ್ರ ಚೆನ್ನಾಗಿದೆ" ಅಂದ. ಕೊಂಡವನು ಒಬ್ಬ ಕಾಲೇಜು ಹುಡುಗ. ಅರಿಜೋನಾದಿಂದ ತುಕ್ಕಿಲ್ಲದ ಬಾಡಿಯೊಂದನ್ನು ತರಿಸಿದ್ದನಂತೆ, ಅದಕ್ಕೆ ಈ ಎಂಜಿನ್ ಕೂರಿಸುತ್ತಾನಂತೆ. ದುಡ್ಡು ಎಣಿಸಿಕೊಂಡ ಮೇಲೆ, ಡಿಕ್ಕಿಯಲ್ಲಿ ಚೆಲ್ಲಿದ್ದ ಅಕ್ಕಿಕಾಳು ನೋಡಿ, "ಇದು ಏನಕ್ಕೆ?" ಎಂದು ಕೇಳಿದ. ವಿವರಿಸಿದೆ. ಅವನು ಗಂಭೀರವಾಗಿ ಫೋನಿನಲ್ಲಿ ಬರೆದುಕೊಂಡ.

ಈಗಿನದು ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಎತ್ತರದ ಗಾಡಿ. ಸ್ಟೇರಿಂಗ್ ಕೂಡ ಬೆಚ್ಚಗಾಗುತ್ತದೆ. ಹಿಂದೆಲ್ಲ ಮೂರು ಮನೆ ಆಚೆಯಿಂದಲೇ ಓಟ ಹಿಡಿದು, ಉಸಿರು ಕಟ್ಟಿ ಹತ್ತುತ್ತಿದ್ದ ರ‍್ಯಾಮ್ಸಿ ಹಿಲ್‌ನ ಏರನ್ನು ಈಗ ರೇಡಿಯೋ ಕೇಳುತ್ತಾ ಹತ್ತುತ್ತೇನೆ. ಮನೆಗೆ ಬಂದ ಮೇಲೆ ದಾರಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಅಸಲಿಗೆ ಯಾರೂ ಕೇಳುವುದೂ ಇಲ್ಲ. ಅಕ್ಕಿ ಅಡುಗೆಮನೆಗೆ ವಾಪಸಾಗಿದೆ.

ಮೊನ್ನೆ ರಾತ್ರಿ ಜೋರು ಹಿಮ. ಸಿನಿಮಾ ನೋಡಿ ಬರುತ್ತಿದ್ದೆವು. ಮಾಲಿನ ಪಾರ್ಕಿಂಗ್ ಜಾಗ ಪೂರ್ತಿ ಖಾಲಿ, ಯಾರೂ ತುಳಿಯದ ಬಿಳುಪು. ಹೆಂಡತಿಯೇ ಮೊದಲು ಅಂದಳು: "ಅಲ್ಲಿಗೆ ತಿರುಗಿಸಿ. ಆ ಜಾರದ ಹಾಗೆ ಮಾಡೋ ಬಟನ್ ಇದೆಯಲ್ಲ, ಅದನ್ನ ಆಫ್ ಮಾಡಿ ನೋಡೋಣ." ಒತ್ತಿದೆ. ತೆರೆಯ ಮೇಲೆ ಎಚ್ಚರಿಕೆ ಬಂತು, ಓದಿದ್ದೇನೆ ಎಂದು ಒಪ್ಪಿಕೊಂಡೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಅದುಮಿದೆ. ಕಾರು ಅರ್ಧ ಅಡಿ ಜಾರಿದ್ದಕ್ಕೇ ಮುಜುಗರಪಟ್ಟು, ಸಾವರಿಸಿಕೊಂಡು, ಅಚ್ಚುಕಟ್ಟಾಗಿ ಒಂದು ಪ್ರದಕ್ಷಿಣೆ ಮುಗಿಸಿ ಹೊರದಾರಿಯ ಕಡೆ ಮುಖ ಮಾಡಿ ನಿಂತಿತು.

"ಹೋಗ್ಲಿ ಬಿಡಿ, ಮನೆಗೆ ನಡೀರಿ" ಅಂದಳು. "ಇದಕ್ಕೆ ತಮಾಷೆನೇ ಗೊತ್ತಾಗಲ್ಲ."